ಮೆಲಿಯಾಯ್ಡೋಸಿಸ್ ಹತ್ತಿದ ಅಯೋರ್ಟಾಗೆ ದನದ ಪೆರಿಕಾರ್ಡಿಯಂ: ನನ್ನ ಅನುಭವ

ಕರಾವಳಿಯ ಮಳೆಗಾಲದಲ್ಲಿ ಮೆಲಿಯಾಯ್ಡೋಸಿಸ್, ಅಂದರೆ ಮಣ್ಣು-ನೀರಿನ ಬ್ಯಾಕ್ಟೀರಿಯಾದಿಂದ ಬರುವ ಸೋಂಕು, ನಮಗೆ ಹೊಸದಲ್ಲ. ಆದರೆ ಅದು ಅಯೋರ್ಟಾಗೆ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳಕ್ಕೆ) ಹತ್ತಿದ ರೋಗಿಗಳು ನನಗೆ ಸಿಕ್ಕಿದ್ದು ಇಬ್ಬರೇ. ಮೊದಲನೆಯವರನ್ನು ಕಳೆದುಕೊಂಡೆ. ಡೇಕ್ರಾನ್ ಗ್ರಾಫ್ಟನ್ನು, ಅಂದರೆ ಕೃತಕ ಬಟ್ಟೆಯ ಕೊಳವೆಯನ್ನು, ಆ್ಯಂಟಿಬಯೋಟಿಕ್ ಆದ ರಿಫಾಂಪಿಸಿನ್‌ನಲ್ಲಿ ನೆನೆಸಿ ಹಾಕಿದ್ದೆ. ಆರನೇ ವಾರಕ್ಕೆ ಮೇಲಿನ ಹೊಲಿಗೆ ಬಿಟ್ಟಿತು. ಆ ರಾತ್ರಿ ಇನ್ನೂ ಕಣ್ಣಿಗೆ ಕಟ್ಟಿದೆ.

ಎರಡನೆಯವರು ಗದ್ದೆ ಕೆಲಸದವರು, ಶುಗರ್ 400ರ ಹತ್ತಿರ. ಮೂರು ವಾರ ಜ್ವರ, ಸೊಂಟನೋವು. ಬೇರೆ ಕಡೆ ಟೈಫಾಯ್ಡ್ ಅಂತ ಔಷಧಿ ಕೊಟ್ಟಿದ್ದರು. ಬ್ಲಡ್ ಕಲ್ಚರ್‌ನಲ್ಲಿ 'ಸ್ಯೂಡೋಮೊನಾಸ್' ಅಂತ ಬರೆದಿತ್ತು. ಆ ರೋಗಾಣು ಜೆಂಟಾಮೈಸಿನ್, ಕೊಲಿಸ್ಟಿನ್ ಆ್ಯಂಟಿಬಯೋಟಿಕ್ ಎರಡಕ್ಕೂ ಬಗ್ಗಿಲ್ಲ, ಆಗ್ಮೆಂಟಿನ್‌ಗೆ ಬಗ್ಗಿದೆ! ಇದು ಮೆಲಿಯಾಯ್ಡೋಸಿಸ್ ರೋಗಾಣುವಿನ ಗುರುತು. ಅದನ್ನು ಬೆಳೆಸಿದ ಪ್ಲೇಟ್ ಬಿಸಾಡಬೇಡಿ ಅಂತ ಲ್ಯಾಬಿನವರಿಗೆ ಅಂದೆ. ನಾಲ್ಕನೇ ದಿನಕ್ಕೆ ಪ್ಲೇಟಿನ ಮೇಲಿನ ಕಾಲೊನಿಗಳು (ರೋಗಾಣು ಗುಂಪುಗಳು) ಒಣದ್ರಾಕ್ಷಿ ಥರ ಸುಕ್ಕುಗಟ್ಟಿದ್ದವು. ಸಿಟಿ ಸ್ಕ್ಯಾನಿನಲ್ಲಿ, ಮೂತ್ರಪಿಂಡದ ರಕ್ತನಾಳಗಳ ಕೆಳಗೆ ಅಯೋರ್ಟಾ ಉಬ್ಬಿ ಸುಮಾರು 4.5 ಸೆಂ.ಮೀ. ಚೀಲ.

"ಅಯೋರ್ಟಾ ಕಟ್ಟಿ, ಆಕ್ಸಿಲೋ-ಬೈಫೆಮೊರಲ್ ಮಾಡು. ಕೀವಿನ ಜಾಗದಲ್ಲಿ ಏನೂ ಹೊಲಿಯಬೇಡ" ಅಂದರು ಹಿರಿಯರು. ಅಂದರೆ ಕಂಕುಳ ಬಳಿಯ ರಕ್ತನಾಳದಿಂದ ಎರಡೂ ತೊಡೆಗಳಿಗೆ ಚರ್ಮದಡಿಯ ಕೊಳವೆಯಲ್ಲಿ ರಕ್ತ ಹರಿಸುವುದು. ಹಾಗೆ ಕಟ್ಟಿದ ಅಯೋರ್ಟಾ ತುದಿ (ಸ್ಟಂಪ್) ಒಡೆದದ್ದನ್ನೂ ನಾನು ನೋಡಿದ್ದೆ. ಒಪ್ಪಲಿಲ್ಲ.

ಹತ್ತು ದಿನ ಸೆಫ್ಟಾಜಿಡಿಮ್ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟು ಆಪರೇಷನ್ನಿಗೆ ಇಳಿದೆ. ದನದ ಪೆರಿಕಾರ್ಡಿಯಂ (ಹೃದಯದ ಹೊರಪೊರೆ) ಪ್ಯಾಚಿಗೆ ಆಗ ಮೂವತ್ತು ಸಾವಿರದ ಆಸುಪಾಸು. ಸಲೈನ್‌ನಲ್ಲಿ ಮೂರು ಸಲ ತೊಳೆದು, 10 ಎಂ.ಎಲ್. ಸಿರಿಂಜ್ ಮೇಲೆ ಸುತ್ತಿ, 4-0 ಪ್ರೋಲೀನ್‌ನಲ್ಲಿ ಎರಡು ಸಾಲು ಹೊಲಿದೆ. ಇಪ್ಪತ್ತೈದು ನಿಮಿಷದಲ್ಲಿ ಟ್ಯೂಬ್ ತಯಾರು. ಅಷ್ಟು ಬೇಗ ನಮ್ಮ ಕಡೆ ಬೇರೆ ಯಾರೂ ಮಾಡಿದ್ದು ನಾನು ನೋಡಿಲ್ಲ. ಟ್ಯೂಬ್ ಮಡಚದಂತೆ ಕೊನೆಯ ಹೊಲಿಗೆ ಹಾಕುವ ರೀತಿ ಬರೆದು ತಿಳಿಸುವಂಥದ್ದಲ್ಲ, ಥಿಯೇಟರಿಗೆ ಬಂದವರಿಗೆ ತೋರಿಸುತ್ತೇನೆ. ಕೊಳೆತದ್ದನ್ನೆಲ್ಲ ಕೆರೆದು, ಟ್ಯೂಬ್ ಕೂರಿಸಿ, ಸುತ್ತ ಓಮೆಂಟಮ್ (ಹೊಟ್ಟೆಯೊಳಗಿನ ಕೊಬ್ಬಿನ ಪೊರೆ) ಹೊದಿಸಿದೆ. ಓಮೆಂಟಮ್ ಮಾತ್ರ ಯಾವತ್ತೂ ಬಿಡಬೇಡಿ.

ನಿಜವಾದ ಕಷ್ಟ ಆಮೇಲೆ. ಅದೇ ಸೆಫ್ಟಾಜಿಡಿಮ್ ಇಂಜೆಕ್ಷನ್ ಎಂಟು ವಾರ, 2 ಗ್ರಾಂ ದಿನಕ್ಕೆ ನಾಲ್ಕು ಸಲ. ಅದಕ್ಕೇ ಲಕ್ಷದ ಮೇಲಾಯಿತು. ಅಷ್ಟು ದಿನ ವಾರ್ಡಿನಲ್ಲಿ ಇರಲು ಮನೆಯವರಿಂದ ಆಗುತ್ತಿರಲಿಲ್ಲ. ಸೊಂಟಕ್ಕೆ ಕಟ್ಟುವ ಪಂಪಿನಲ್ಲಿ 24 ಗಂಟೆಗೆ 6 ಗ್ರಾಂ ಹಾಕಿ ನೋಡಿದೆ. ನಮ್ಮ ಸೆಖೆಗೆ ಸಂಜೆಯೊಳಗೆ ಔಷಧಿ ಹಳದಿ ತಿರುಗಿತು. ಎರಡೇ ದಿನಕ್ಕೆ ಕೈಬಿಟ್ಟೆ. ಕೊನೆಗೆ ಪಿಕ್ ಲೈನ್, ಅಂದರೆ ತೋಳಿನ ರಕ್ತನಾಳದಲ್ಲಿ ವಾರಗಟ್ಟಲೆ ಉಳಿಯುವ ತೆಳು ಕೊಳವೆ, ಹಾಕಿದೆವು. ಮಗ ಇಂಜೆಕ್ಷನ್ ಕೊಡುವುದನ್ನು ಕಲಿತ. ರಾತ್ರಿ ಎರಡಕ್ಕೆ ಅಲಾರಾಂ ಇಟ್ಟು ಎದ್ದು ಕೊಟ್ಟ, ಒಂದು ಡೋಸ್ ತಪ್ಪಿಸಲಿಲ್ಲ.

ಮತ್ತೆ ಆರು ತಿಂಗಳು ಸೆಪ್ಟ್ರಾನ್ ಆ್ಯಂಟಿಬಯೋಟಿಕ್ ಮಾತ್ರೆ. ನಡುವೆ ಅದರಿಂದ ರಕ್ತದ ಪೊಟ್ಯಾಸಿಯಂ ಏರಿ 6 ಮುಟ್ಟಿತು. ಮಾತ್ರೆ ಸ್ವಲ್ಪ ಇಳಿಸಿದೆ, ನಿಲ್ಲಿಸಲಿಲ್ಲ.

ಈಗ ಎರಡು ವರ್ಷ ದಾಟಿದೆ. ಮೊನ್ನೆಯ ಸಿಟಿಯಲ್ಲಿ ಟ್ಯೂಬ್ ಸಲೀಸಾಗಿದೆ, ಸುತ್ತ ನೀರಿಲ್ಲ. ಆ ಫಿಲ್ಮನ್ನು ಅದೇ ಹಿರಿಯರಿಗೆ ತೋರಿಸಿದೆ. ದೀಪಕ್ಕೆ ಹಿಡಿದು ತುಂಬ ಹೊತ್ತು ನೋಡಿದರು. "ಸಿರಿಂಜ್ ಎಷ್ಟರದ್ದು ಅಂದೆ?" ಅಂತ ಕೇಳಿದರು.