ಪಿಪಿಎಫ್ ಮತ್ತು ಬ್ಯಾಂಕ್ ಎಫ್‌ಡಿ: ತೆರಿಗೆ ಕಳೆದ ಬಡ್ಡಿಯನ್ನು ಹೋಲಿಸಿ

ಬ್ಯಾಂಕಿನ ಎಫ್‌ಡಿಗೆ (ನಿಶ್ಚಿತ ಅವಧಿಯ ಠೇವಣಿ) ಶೇ 7ರಷ್ಟು ಬಡ್ಡಿ ಬಂದರೂ, ಶೇ 30ರ ತೆರಿಗೆ ಹಂತದಲ್ಲಿರುವವರಿಗೆ ಸೆಸ್ ಸೇರಿ ಶೇ 31.2ರಷ್ಟು ತೆರಿಗೆ ಹೋದ ಮೇಲೆ ಕೈಯಲ್ಲಿ ಉಳಿಯುವುದು ಸುಮಾರು ಶೇ 4.8 ಮಾತ್ರ. ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆಯಾದ ಪಿಪಿಎಫ್‌ನ (ಸಾರ್ವಜನಿಕ ಭವಿಷ್ಯ ನಿಧಿ) ಬಡ್ಡಿಗೆ ತೆರಿಗೆಯೇ ಇಲ್ಲ. 2020ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇ 7.1ರ ದರವು ವರ್ಷಗಟ್ಟಲೆ ಬದಲಾಗದೆ ಮುಂದುವರಿದಿದೆ. ಹೊಸ ತೆರಿಗೆ ಪದ್ಧತಿಯಲ್ಲಿ ಕಟ್ಟಿದ ಹಣಕ್ಕೆ ಕಡಿತ ಸಿಗುವುದಿಲ್ಲವೆಂದು ಹಲವರು ಪಿಪಿಎಫ್‌ಗೆ ಹಣ ಕಟ್ಟುವುದನ್ನೇ ನಿಲ್ಲಿಸುತ್ತಿರುವುದು ನನಗೆ ಸರಿಕಾಣುವುದಿಲ್ಲ, ಏಕೆಂದರೆ ಬಡ್ಡಿಯ ಮೇಲಿನ ವಿನಾಯಿತಿಯು ಆ ಪದ್ಧತಿಯಲ್ಲಿಯೂ ಹಾಗೆಯೇ ಉಳಿದಿದೆ.

ಆದರೆ ಪಿಪಿಎಫ್‌ನ ಅವಧಿ 15 ವರ್ಷ, ವಾರ್ಷಿಕ ಮಿತಿ 1.5 ಲಕ್ಷ ರೂಪಾಯಿ. ಆದ್ದರಿಂದ ಮನೆಯ ತುರ್ತು ಖರ್ಚಿಗೆ, ಎರಡು ಮೂರು ವರ್ಷದೊಳಗಿನ ಮದುವೆಗೆ ಅಥವಾ ಕಾಲೇಜು ಶುಲ್ಕಕ್ಕೆ ಬೇಕಾಗುವ ಹಣವನ್ನು, ತೆರಿಗೆ ತೆತ್ತಾದರೂ ಸರಿ, ಎಫ್‌ಡಿಯಲ್ಲಿಯೇ ಇಡಿ. ಆದಾಯವೇ ತೆರಿಗೆಯ ಮಿತಿಯೊಳಗಿರುವ ಹಿರಿಯರಿಗೆ ಪಿಪಿಎಫ್‌ನ ಈ ವಿನಾಯಿತಿಯಿಂದ ವಿಶೇಷ ಲಾಭವಿಲ್ಲ.

ಪ್ರತಿ ತಿಂಗಳ 5ನೇ ತಾರೀಖಿನಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಶಿಲ್ಕಿನ ಮೇಲೆ ಪಿಪಿಎಫ್ ಬಡ್ಡಿಯನ್ನು ಲೆಕ್ಕ ಹಾಕುವುದರಿಂದ, ವರ್ಷದ ಮೊತ್ತವನ್ನು ಒಟ್ಟಿಗೆ ಕಟ್ಟಬಲ್ಲವರು ಏಪ್ರಿಲ್ 5ರೊಳಗೆ ಕಟ್ಟಿದರೆ ಇಡೀ ವರ್ಷದ ಬಡ್ಡಿ ದೊರೆಯುತ್ತದೆ.