ಲಿನಕ್ಸ್‌ನಲ್ಲಿ ‘ನುಡಿ’ ತಂತ್ರಾಂಶವಿಲ್ಲದೆ ಕನ್ನಡದ ಕೆಲಸ ಮುಂದುವರಿಸುವುದು ಹೇಗೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳಲು ಅರ್ಹವಲ್ಲದ, ಆದರೆ ಇನ್ನೂ ಚೆನ್ನಾಗಿ ಓಡುತ್ತಿರುವ ಹಳೆಯ ಕಂಪ್ಯೂಟರ್‌ಗಳಿಗೆ ಉಬುಂಟು, ಲಿನಕ್ಸ್ ಮಿಂಟ್‌ನಂತಹ, ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಗಳು ಹೊಸ ಆಯುಸ್ಸು ಕೊಡಬಲ್ಲವು. ಕನ್ನಡದಲ್ಲಿ ದಿನವಿಡೀ ಟೈಪ್ ಮಾಡುವವರು ಈ ಬದಲಾವಣೆಗೆ ಮುನ್ನ ಕೇಳುವ ಮೊದಲ ಪ್ರಶ್ನೆ, ‘ಅದರಲ್ಲಿ ನುಡಿ ಇದೆಯೇ?’ ಎಂಬುದು. ಕನ್ನಡ ಗಣಕ ಪರಿಷತ್ತು ರೂಪಿಸಿ ಕರ್ನಾಟಕ ಸರ್ಕಾರ ಉಚಿತವಾಗಿ ಹಂಚಿದ ನುಡಿಯಾಗಲಿ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹವಾಗಲಿ, ನಾವು ಕಚೇರಿಗಳಲ್ಲಿಯೂ ಡಿಟಿಪಿ ಅಂಗಡಿಗಳಲ್ಲಿಯೂ ಬಳಸುತ್ತ ಬಂದಿರುವ ರೂಪದಲ್ಲಿ ವಿಂಡೋಸ್‌ಗೆಂದೇ ಬರೆದ ತಂತ್ರಾಂಶಗಳು. ಎಲ್ಲದಕ್ಕೂ ಪರ್ಯಾಯವಿದೆ ಎಂದು ಹೇಳಿ ಸುಮ್ಮನಾಗುವ ಲಿನಕ್ಸ್ ಅಭಿಮಾನಿಗಳ ಉತ್ತರ ಇಂಥವರಿಗೆ ಸಾಲದು. ಏಕೆಂದರೆ ಅವರ ಬೆರಳುಗಳಿಗೆ ಹಿಡಿದ ಅಭ್ಯಾಸ ಒಂದು ಕಡೆ, ಹಾರ್ಡ್‌ಡಿಸ್ಕ್‌ನಲ್ಲಿ ತುಂಬಿರುವ ಹಳೆಯ ಕಡತಗಳು ಇನ್ನೊಂದು ಕಡೆ ಅವರನ್ನು ಕಟ್ಟಿಹಾಕಿವೆ.

ನುಡಿ ನಿಜವಾಗಿ ಮಾಡುತ್ತಿದ್ದ ಕೆಲಸವನ್ನು ಬಿಡಿಸಿ ನೋಡಿದರೆ ದಾರಿ ಕಾಣುತ್ತದೆ. ಅದು ಒಂದು ಕೀಲಿಮಣೆ ವಿನ್ಯಾಸವನ್ನು ಕೊಡುತ್ತಿತ್ತು, ಕೆಲವು ಫಾಂಟ್‌ಗಳನ್ನು ಕೊಡುತ್ತಿತ್ತು, ಆ ಫಾಂಟ್‌ಗಳಿಗೆ ಮಾತ್ರ ಅರ್ಥವಾಗುವ ಸಂಕೇತಗಳಲ್ಲಿ ಬರಹವನ್ನು ಉಳಿಸುತ್ತಿತ್ತು. ಮೊದಲಿನ ಎರಡನ್ನು ಲಿನಕ್ಸ್‌ನಲ್ಲಿ ಪಡೆಯುವುದು ಅರ್ಧ ಗಂಟೆಯ ಕೆಲಸ. ಮೂರನೆಯದು ಮಾತ್ರ ತಾಳ್ಮೆ ಬೇಡುತ್ತದೆ. ಆದ್ದರಿಂದ ವಿಂಡೋಸ್ ಅನ್ನು ಅಳಿಸುವ ಮೊದಲು ಉಬುಂಟುವನ್ನು ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ ಪ್ರಯೋಗಿಸಿ. ಹಳೆಯ ಕಡತಗಳ ಪ್ರತಿಯೊಂದನ್ನೂ, ಅವುಗಳಿಗೆ ಬಳಸಿದ ಫಾಂಟ್‌ಗಳನ್ನೂ ಬೇರೊಂದು ಡಿಸ್ಕ್‌ಗೆ ನಕಲು ಮಾಡಿಟ್ಟುಕೊಳ್ಳಿ.

ಅದೇ ಕೀಲಿಮಣೆ, ಬೇರೆ ದಾರಿಯಿಂದ

ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ನುಡಿಯ ಕೀಲಿಮಣೆಗೆ ಆಧಾರ. ಅದು ಯಾವ ಒಂದು ತಂತ್ರಾಂಶಕ್ಕೂ ಅಂಟಿಕೊಂಡಿಲ್ಲದ ಕಾರಣ ಲಿನಕ್ಸ್‌ನಲ್ಲಿ ‘ಕೆಜಿಪಿ’ ಎಂಬ ಹೆಸರಿನಲ್ಲಿ ಸಿಗುತ್ತದೆ. ಇದಕ್ಕೆ ಬೇಕಾಗಿರುವುದು ಐಬಸ್ ಎಂಬ ಟೈಪಿಂಗ್ ವ್ಯವಸ್ಥೆ ಮತ್ತು ಅದಕ್ಕೆ ಭಾರತೀಯ ಭಾಷೆಗಳ ವಿನ್ಯಾಸಗಳನ್ನು ಒದಗಿಸುವ ‘ಐಬಸ್-ಎಂ17ಎನ್’ (ibus-m17n) ಎಂಬ ಪ್ಯಾಕೇಜ್. ಉಬುಂಟುವಿನ ಆ್ಯಪ್ ಸೆಂಟರ್‌ನಲ್ಲಿ ಇಂತಹ ಪ್ಯಾಕೇಜ್‌ಗಳು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಅಲ್ಲಿಂದ ಸಿನಾಪ್ಟಿಕ್ ಎಂಬ ಪ್ಯಾಕೇಜ್ ಮ್ಯಾನೇಜರನ್ನು ಮೊದಲು ಹಾಕಿಕೊಂಡು, ಅದರೊಳಗೆ ಹುಡುಕುವುದು ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ ಬಳಸಿ ಅಭ್ಯಾಸವಿಲ್ಲದವರಿಗೆ ಸುಲಭ. ಅನುಸ್ಥಾಪನೆ ಮುಗಿದ ಮೇಲೆ ಒಮ್ಮೆ ಲಾಗ್ ಔಟ್ ಆಗಿ ಮತ್ತೆ ಲಾಗಿನ್ ಆಗುವುದನ್ನು ಮರೆಯಬೇಡಿ. ಹಾಗೆ ಮಾಡದಿದ್ದರೆ ಹೊಸ ವಿನ್ಯಾಸ ಪಟ್ಟಿಯಲ್ಲಿ ಕಾಣಿಸದೆ, ಏನೋ ತಪ್ಪಾಗಿದೆಯೆಂದು ಅನಿಸುತ್ತದೆ.

ಬಳಿಕ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗಕ್ಕೆ ಹೋಗಿ, ಇನ್‌ಪುಟ್ ಸೋರ್ಸ್ ಎಂಬಲ್ಲಿ ಕೂಡಿಸುವ ಗುಂಡಿಯನ್ನು ಒತ್ತಿ, ಪಟ್ಟಿ ಚಿಕ್ಕದಾಗಿ ಕಂಡರೆ ಮೂರು ಚುಕ್ಕಿಗಳನ್ನು ಒತ್ತಿ ಪೂರ್ಣ ಪಟ್ಟಿಯನ್ನು ತೆರೆಯಿರಿ. ಅಲ್ಲಿ ಕನ್ನಡದ ಹಲವು ಆಯ್ಕೆಗಳಿರುತ್ತವೆ. ಹೆಸರಿನಲ್ಲಿ ಕೆಜಿಪಿ ಮತ್ತು ಎಂ17ಎನ್ ಎರಡೂ ಇರುವುದನ್ನೇ ಆರಿಸಿಕೊಳ್ಳಿ. ‘ಕಗಪ’ ಎಂಬ ಹೆಸರಿನ ಇನ್ನೊಂದು ಆಯ್ಕೆಯೂ ಪಟ್ಟಿಯಲ್ಲಿ ಕಾಣಬಹುದು. ಅಕ್ಷರಗಳ ಸ್ಥಾನ ಅದರಲ್ಲಿಯೂ ಬಹುಮಟ್ಟಿಗೆ ಇದೇ ಆದರೂ, ಅದು ಒಂದೊಂದು ಕೀಲಿಯನ್ನು ಬಿಡಿಯಾಗಿ ಮಾತ್ರ ನೋಡುತ್ತದೆ, ಹಿಂದೆ ಯಾವ ಅಕ್ಷರ ಬಂದಿದೆ ಎಂಬುದನ್ನು ಗಮನಿಸುವುದಿಲ್ಲ. ಹೀಗಾಗಿ ‘ಆ’ ಬೇಕೋ ಅದರ ದೀರ್ಘದ ಚಿಹ್ನೆ ಬೇಕೋ ಎಂಬುದನ್ನು ನುಡಿಯಂತೆ ತಾನಾಗಿ ತೀರ್ಮಾನಿಸಲಾರದು.

ಸೂಪರ್ ಕೀಲಿ, ಅಂದರೆ ವಿಂಡೋಸ್ ಗುರುತಿರುವ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ಇಂಗ್ಲಿಷ್‌ನಿಂದ ಕನ್ನಡಕ್ಕೆ ಬದಲಾಗುತ್ತದೆ. ಈಗ ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಸಾಲಾಗಿ ಒತ್ತಿ. ‘ಕನ್ನಡ’ ಎಂದು ಮೂಡಿದರೆ ನಿಮ್ಮ ಬೆರಳುಗಳು ಹೊಸದಾಗಿ ಕಲಿಯಬೇಕಾದದ್ದು ಹೆಚ್ಚೇನೂ ಇಲ್ಲ. ಒತ್ತಕ್ಷರಕ್ಕೆ ಎಫ್ ಇಲ್ಲಿಯೂ ಎಫ್ ಆಗಿಯೇ ಇರುತ್ತದೆ. ‘ಬರಹ’ ತಂತ್ರಾಂಶದಲ್ಲಿ ಇಂಗ್ಲಿಷ್ ಉಚ್ಚಾರಣೆಯಂತೆ ಟೈಪ್ ಮಾಡಿ ರೂಢಿಯಾದವರು ಅದೇ ಪಟ್ಟಿಯಲ್ಲಿರುವ ಐಟ್ರಾನ್ಸ್ ಆಯ್ಕೆಯನ್ನು ತೆಗೆದುಕೊಳ್ಳಬಹುದು. ಅದು ಬರಹದ ಕ್ರಮಕ್ಕೆ ಹತ್ತಿರವಿದೆ, ಆದರೆ ಕೆಲವು ಅಕ್ಷರಗಳಲ್ಲಿ ವ್ಯತ್ಯಾಸವಿರುವುದರಿಂದ ಆರಂಭದಲ್ಲಿ ಕೈ ತಡವರಿಸುವುದು ಸಹಜ.

ಫಾಂಟ್‌ಗಳ ವಿಷಯದಲ್ಲಿ ಚಿಂತೆ ಬೇಡ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಲೋಹಿತ್, ಗುಬ್ಬಿ, ನವಿಲು ಇವೆಲ್ಲ ಮುಕ್ತವಾಗಿ ಸಿಗುತ್ತವೆ. ಕಚೇರಿ ಕೆಲಸಗಳ ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸ್‌ನಲ್ಲಿ ಒಂದು ಹೊಂದಾಣಿಕೆ ಮಾತ್ರ ಅಗತ್ಯ. ಟೂಲ್ಸ್ ಮೆನುವಿನ ಆಪ್ಷನ್ಸ್‌ನಲ್ಲಿ ಭಾಷೆಯ ವಿಭಾಗವನ್ನು ತೆರೆದು, ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬುದಕ್ಕೆ ಕನ್ನಡವನ್ನು ಆರಿಸಿ. ಲಿಬ್ರೆ ಆಫೀಸ್ ಇಂಗ್ಲಿಷ್‌ಗೂ ಕನ್ನಡಕ್ಕೂ ಪ್ರತ್ಯೇಕ ಫಾಂಟ್ ಮತ್ತು ಅಳತೆಯನ್ನು ನೆನಪಿಟ್ಟುಕೊಳ್ಳುತ್ತದೆ. ಫಾಂಟ್ ಬದಲಿಸಿದರೂ ಕನ್ನಡ ಬದಲಾಗಲಿಲ್ಲ ಎಂಬ ದೂರಿಗೆ ಬಹುಪಾಲು ಕಾರಣ ಇದೇ.

ಹಳೆಯ ಕಡತಗಳು

ನುಡಿ ಫಾಂಟ್‌ನಲ್ಲಿ ಟೈಪಾದ ಪತ್ರವೊಂದನ್ನು, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ‘ಕನ್ನಡ’ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಕೊನೆಗೆ ಇನ್ನೊಮ್ಮೆ ಎ ಕಾಣುತ್ತವೆ. ಇದು ಕಡತ ಕೆಟ್ಟಿರುವುದರ ಲಕ್ಷಣವಲ್ಲ. ಪಿ ಎಂಬುದು ತಲೆಕಟ್ಟಿಲ್ಲದ ಕಕಾರದ ಆಕಾರ, ಓರೆಗೆರೆಯ ಎ ತಲೆಕಟ್ಟು, ಪೌಂಡ್ ಚಿಹ್ನೆ ನಕಾರ, ಜರ್ಮನ್ ಅಕ್ಷರ ನಕಾರದ ಒತ್ತು, ಕ್ಯೂ ಡಕಾರ. ಅಕ್ಷರಗಳ ಬದಲು ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಸಂಕೇತಗಳ ಮೇಲೆ ಕೂರಿಸಿ ಕನ್ನಡದ ಚಿತ್ರ ಕಟ್ಟುವ ಜಾಣ್ಮೆ ಇದು. ಕಂಪ್ಯೂಟರ್‌ಗಳಿಗೆ ಕನ್ನಡವೇ ತಿಳಿಯದಿದ್ದ ಕಾಲದಲ್ಲಿ ಈ ಜಾಣ್ಮೆ ನಾಡಿನ ಕೆಲಸವನ್ನು ನಡೆಸಿತು ಎಂಬುದನ್ನು ಗೌರವದಿಂದಲೇ ಹೇಳಬೇಕು.

ಇಂತಹ ಕಡತವನ್ನು ಓದುವುದಷ್ಟೇ ಬೇಕಿದ್ದರೆ, ವಿಂಡೋಸ್‌ನಿಂದ ನಕಲು ಮಾಡಿಕೊಂಡ ನುಡಿ ಫಾಂಟಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದರೆ ಸಾಕು, ಲಿನಕ್ಸ್‌ನಲ್ಲಿಯೂ ಪುಟ ಮೊದಲಿನಂತೆ ಕಾಣುತ್ತದೆ. ಮುಂದೆಯೂ ತಿದ್ದಬೇಕಾದ, ಹುಡುಕಬೇಕಾದ, ಮೊಬೈಲ್‌ನಲ್ಲಿ ಕಳುಹಿಸಬೇಕಾದ ಬರಹಗಳನ್ನು ಮಾತ್ರ ಎಲ್ಲ ಕಂಪ್ಯೂಟರ್‌ಗಳಿಗೂ ಮೊಬೈಲ್‌ಗಳಿಗೂ ಅರ್ಥವಾಗುವ ಸಂಕೇತಕ್ರಮವಾದ ಯೂನಿಕೋಡ್‌ಗೆ ಬದಲಿಸಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆಸ್ಕಿಯಿಂದ, ಅಂದರೆ ಮೇಲೆ ಹೇಳಿದ ಹಳೆಯ ಫಾಂಟ್ ಸಂಕೇತಗಳಿಂದ, ಯೂನಿಕೋಡ್‌ಗೆ ಪರಿವರ್ತಿಸುವ ಸೌಲಭ್ಯಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಬ್ರೌಸರ್‌ನಲ್ಲಿ ನಡೆಯುವುದರಿಂದ ಲಿನಕ್ಸ್ ಎಂಬ ಕಾರಣಕ್ಕೆ ಅಡ್ಡಿಯಿಲ್ಲ. ಆದರೆ ಶ್ರೀಲಿಪಿ, ಆಕೃತಿ ಫಾಂಟ್‌ಗಳ ಸಂಕೇತಗಳು ಬೇರೆ. ನುಡಿಗಾಗಿ ಬರೆದ ಪರಿವರ್ತಕಕ್ಕೆ ಅವುಗಳನ್ನು ಕೊಟ್ಟರೆ ಅರ್ಥವಿಲ್ಲದ ಬರಹ ಹೊರಬರುತ್ತದೆ.

ಪರಿವರ್ತನೆಯ ನಂತರ ಕಣ್ಣಿಟ್ಟು ನೋಡಬೇಕಾದ ಜಾಗಗಳಿವೆ. ಪರಿವರ್ತಕದ ಪೆಟ್ಟಿಗೆಗೆ ಬರಿಯ ಪಠ್ಯವನ್ನು ಅಂಟಿಸಿದಾಗ ಫಾಂಟ್‌ನ ಹೆಸರು ಕಳೆದುಹೋಗುತ್ತದೆ. ಆಗ ನಡುವೆ ಇದ್ದ ಇಂಗ್ಲಿಷ್ ಪದಗಳನ್ನೂ ಕನ್ನಡದ ತುಂಡುಗಳೆಂದೇ ತಿಳಿದು ಅದು ಬದಲಿಸಿಬಿಡುತ್ತದೆ. ಇಮೇಲ್ ವಿಳಾಸ, ವಾಹನದ ನೋಂದಣಿ ಸಂಖ್ಯೆ, ಔಷಧದ ಹೆಸರು ಇರುವ ಕಡತಗಳಲ್ಲಿ ಇದು ಅಪಾಯಕಾರಿ. ಅರ್ಕಾವತ್ತಿನ ಕಡೆಗೂ ಗಮನವಿರಲಿ. ‘ಕರ್ನಾಟಕ’ ಎಂಬಲ್ಲಿ ಹಳೆಯ ಸಂಕೇತದ ಪ್ರಕಾರ ಅರ್ಕಾವತ್ತು ‘ನಾ’ ಆದ ಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ ರಕಾರ ಮೊದಲು ಬರಬೇಕು. ಒಳ್ಳೆಯ ಪರಿವರ್ತಕ ಇದನ್ನು ಸರಿಯಾಗಿ ಹಿಂದುಮುಂದು ಮಾಡುತ್ತದೆ, ಆದರೆ ಅರ್ಕಾವತ್ತಿನ ಬದಲು ಒಂಬತ್ತರ ಅಂಕಿಯನ್ನೂ ಅನುಸ್ವಾರದ ಬದಲು ಸೊನ್ನೆಯನ್ನೂ ಟೈಪ್ ಮಾಡಿದ್ದರೆ ಅದನ್ನು ಹಿಡಿಯುವುದು ಯಂತ್ರಕ್ಕೆ ಕಷ್ಟ. ಪರಿವರ್ತಿತ ಕಡತದಲ್ಲಿ ೯ ಮತ್ತು ೦ ಎಂದು ಹುಡುಕಿ, ಪದಗಳ ನಡುವೆ ಸಿಕ್ಕಿದ ಪ್ರತಿಯೊಂದನ್ನೂ ಕೈಯಿಂದಲೇ ತಿದ್ದಿ. ರಕಾರ ತಪ್ಪಾಗಿ ಅರ್ಕಾವತ್ತಾಗಬಹುದಾದ ‘ರ‍್ಯಾಂಕ್’ ರೀತಿಯ ಪದಗಳನ್ನೂ ಒಮ್ಮೆ ನೋಡಿ. ಮೂಲ ಕಡತವನ್ನು ಮಾತ್ರ ಯಾವ ಕಾರಣಕ್ಕೂ ಅಳಿಸಬೇಡಿ.

ವೈನ್ ಮತ್ತು ಪೇಜ್‌ಮೇಕರ್

ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಇದೆಯಲ್ಲ, ಅದರಲ್ಲಿಯೇ ನುಡಿಯನ್ನು ಹಾಕಿಕೊಂಡರಾಗದೇ ಎಂದು ಕೇಳುವವರಿದ್ದಾರೆ. ಟೈಪಿಂಗ್‌ಗಾಗಿ ಅದನ್ನು ನಾನು ಸಲಹೆ ಮಾಡುವುದಿಲ್ಲ. ನುಡಿ ಹಿನ್ನೆಲೆಯಲ್ಲಿ ಕುಳಿತು, ಒತ್ತಿದ ಕೀಲಿಗಳನ್ನು ನಡುವೆಯೇ ಹಿಡಿದು ಕನ್ನಡಕ್ಕೆ ಬದಲಿಸುವ ತಂತ್ರಾಂಶ. ವೈನ್‌ನೊಳಗೆ ಕುಳಿತ ಅದಕ್ಕೆ ವೈನ್‌ನ ಕಿಟಕಿಗಳಷ್ಟೇ ಕಾಣುತ್ತವೆ, ಹೊರಗಿರುವ ಲಿಬ್ರೆ ಆಫೀಸ್‌ಗಾಗಲಿ ಫೈರ್‌ಫಾಕ್ಸ್‌ಗಾಗಲಿ ಅದರ ಕೈ ಚಾಚುವುದಿಲ್ಲ.

ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್‌ನ ಕೊನೆಯ ಪ್ರಮುಖ ಆವೃತ್ತಿ 7.0 ಹೊರಬಂದದ್ದು 2001ರಲ್ಲಿ. ಲಿನಕ್ಸ್‌ಗೆ ಅದು ಎಂದೂ ಬರಲಿಲ್ಲ. ಹಳೆಯ ಪೇಜ್‌ಮೇಕರ್ ಪುಟಗಳನ್ನೇ ಮತ್ತೆ ಮತ್ತೆ ತೆರೆದು ತಿದ್ದಬೇಕಾದವರು ಕಂಪ್ಯೂಟರ್‌ನೊಳಗೇ ಇನ್ನೊಂದು ಕಂಪ್ಯೂಟರ್‌ನಂತೆ ನಡೆಯುವ ವರ್ಚುವಲ್‌ಬಾಕ್ಸ್‌ನಲ್ಲಿ ಪರವಾನಗಿಯುಳ್ಳ ವಿಂಡೋಸ್ ಒಂದನ್ನು ಉಳಿಸಿಕೊಂಡು, ಅದಕ್ಕೆ ಅಂತರಜಾಲದ ಸಂಪರ್ಕ ಕೊಡದೆ ಬಳಸುವುದು ಸದ್ಯಕ್ಕೆ ಪ್ರಾಮಾಣಿಕವಾದ ಪರಿಹಾರ. ಹೊಸ ಪುಸ್ತಕಗಳಿಗೆ, ಆಮಂತ್ರಣ ಪತ್ರಿಕೆಗಳಿಗೆ ಪುಟವಿನ್ಯಾಸದ ಉಚಿತ ತಂತ್ರಾಂಶವಾದ ಸ್ಕ್ರೈಬಸ್ ಬಳಸಬಹುದು. ಅದರ 1.4 ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುತ್ತಿರಲಿಲ್ಲ. 2024ರಲ್ಲಿ ಬಂದ 1.6 ಆವೃತ್ತಿಯಲ್ಲಿ ಆ ತೊಡಕು ನೀಗಿದೆ, ಆದ್ದರಿಂದ ಹಳೆಯ ಅನುಭವದ ಮೇಲೆ ಅದನ್ನು ತಳ್ಳಿಹಾಕಿದ್ದವರು ಮತ್ತೊಮ್ಮೆ ನೋಡುವುದು ಒಳ್ಳೆಯದು.

ನಿಮ್ಮ ಕಡತವನ್ನು ಪಡೆಯುವ ಮುದ್ರಣಾಲಯ ಅಥವಾ ಕಚೇರಿ ನುಡಿ ಫಾಂಟ್‌ನಲ್ಲಿಯೇ ಬೇಕೆಂದು ಪಟ್ಟು ಹಿಡಿಯಬಹುದು. ಓದುವುದಕ್ಕೆ ಅಥವಾ ಮುದ್ರಣಕ್ಕೆ ಮಾತ್ರ ಬೇಕಿದ್ದರೆ, ಲಿಬ್ರೆ ಆಫೀಸ್‌ನಿಂದ ಪಿಡಿಎಫ್ ಮಾಡಿ ಕಳುಹಿಸಿ. ಫಾಂಟ್ ಅದರೊಳಗೇ ಸೇರಿಕೊಳ್ಳುವುದರಿಂದ ಅಲ್ಲಿಯೂ ಪುಟ ನೀವು ಕಂಡಂತೆಯೇ ಕಾಣುತ್ತದೆ. ಅವರು ತಿದ್ದಬೇಕಾಗಿದ್ದರೆ ಯೂನಿಕೋಡ್‌ನಿಂದ ಆಸ್ಕಿಗೆ ಹಿಂತಿರುಗಿಸುವ ಪರಿವರ್ತಕವನ್ನು ಬಳಸಿ ಒಂದು ಪ್ರತಿ ಮಾಡಿಕೊಡಿ. ಅದನ್ನು ನುಡಿ ಫಾಂಟ್ ಹಚ್ಚಿ ಒಮ್ಮೆ ಪೂರ್ತಿ ಓದಿದ ಮೇಲೆಯೇ ಕಳುಹಿಸಿ, ನಿಮ್ಮಲ್ಲಿ ಯೂನಿಕೋಡ್ ಪ್ರತಿಯನ್ನೇ ಮೂಲವಾಗಿ ಇಟ್ಟುಕೊಳ್ಳಿ.