ಕಾರಿನ ಹಳೇ ಮ್ಯಾಪ್ ಅಪ್‌ಡೇಟ್ ಮಾಡಿಕೊಂಡ ಕಥೆ

ನನ್ನ ಕಾರಿನಲ್ಲಿ ಕಂಪನಿಯವರೇ ಕೊಟ್ಟ ನ್ಯಾವಿಗೇಶನ್ ಇದೆ. ಹೊಸ ಬೈಪಾಸ್ ಹತ್ತಿದರೆ ಸಾಕು, ಸ್ಕ್ರೀನ್ ಮೇಲಿನ ಬಾಣ ರಸ್ತೆ ಬಿಟ್ಟು ಖಾಲಿ ಬಯಲಲ್ಲಿ ಓಡುತ್ತಿತ್ತು. ಪಾಪ, ಯು-ಟರ್ನ್ ತಗೊಳ್ಳಿ ಅಂತ ಹೇಳ್ತಾನೇ ಇರುತ್ತಿತ್ತು. ಕೊನೆಗೆ ಮ್ಯಾಪ್ ಅಪ್‌ಡೇಟ್ ಮಾಡೋಣ ಅಂತ ಕೂತೆ.

ಮೊದಲು ಸೆಟ್ಟಿಂಗ್ಸ್ ನೋಡಿದೆ. ಅಲ್ಲಿ ಸಾಫ್ಟ್‌ವೇರ್ ವರ್ಷನ್ ಬೇರೆ, ಮ್ಯಾಪ್ ವರ್ಷನ್ ಬೇರೆ. ಸರ್ವಿಸ್‌ನಲ್ಲಿ ಸಾಫ್ಟ್‌ವೇರ್ ಹೊಸದು ಹಾಕಿಕೊಟ್ಟರೆ ಮ್ಯಾಪೂ ಹೊಸದಾಯ್ತು ಅಂತ ಅಂದುಕೊಳ್ಳಬೇಡಿ. ಎರಡನ್ನೂ ಒಂದು ಫೋಟೋ ತೆಗೆದಿಟ್ಟುಕೊಂಡರೆ ಆಮೇಲೆ ಹೋಲಿಸಿ ನೋಡೋಕೆ ಸುಲಭ.

ಇನ್ನೊಂದು ವಿಷಯ. ಮ್ಯಾಪ್ ಹೆಸರಲ್ಲಿರುವ ವರ್ಷ ಸಾಮಾನ್ಯವಾಗಿ ಅದು ಬಿಡುಗಡೆಯಾದ ವರ್ಷ, ರಸ್ತೆ ಅಳೆದ ವರ್ಷ ಅಲ್ಲ. ಕಾರ್ ಕಂಪನಿಗಳು ಸಾಮಾನ್ಯವಾಗಿ ಮ್ಯಾಪ್ ಮಾಡೋದಿಲ್ಲ. ಹಿಯರ್, ಟಾಮ್‌ಟಾಮ್ ಥರದ ಮ್ಯಾಪ್ ಮಾಡುವ ಕಂಪನಿಗಳಿಂದ ಡೇಟಾ ತಗೊಳ್ಳುತ್ತಾರೆ. ಅದನ್ನು ಆ ಸ್ಕ್ರೀನ್‌ಗೆ ಒಗ್ಗುವ ಹಾಗೆ ಬದಲಾಯಿಸಿ, ಪರೀಕ್ಷೆ ಮಾಡಿ ಹೊರಗೆ ಬಿಡುವಷ್ಟರಲ್ಲಿ ತಿಂಗಳುಗಟ್ಟಲೆ ಕಳೆದಿರುತ್ತದೆ. ಹಾಗಾಗಿ ಅಪ್‌ಡೇಟ್‌ಗೆ ದುಡ್ಡು ಕೊಡಬೇಕಾಗಿದ್ದರೆ, ನಿಮಗೆ ಬೇಕಾದ ರಸ್ತೆ ಯಾವಾಗ ಶುರುವಾಯ್ತು ಅಂತ ಮೊದಲು ನೋಡಿ. ಮೊನ್ನೆ ಮೊನ್ನೆ ಶುರುವಾದ ರಸ್ತೆ ಅದರಲ್ಲಿ ಇರೋದು ಅನುಮಾನವೇ.

ನಿಜವಾದ ತಲೆನೋವು, ಮ್ಯಾಪ್ ಫೈಲನ್ನು ಕಾರಿಗೆ ಹಾಕೋಕೆ ಬೇಕಾದ ಪೆನ್‌ಡ್ರೈವ್. ಎಫ್‌ಎಟಿ32 ಅನ್ನೋ ಫಾರ್ಮ್ಯಾಟ್‌ನಲ್ಲಿ (ಪೆನ್‌ಡ್ರೈವ್‌ನಲ್ಲಿ ಫೈಲ್ ಜೋಡಿಸಿಡುವ ಒಂದು ವಿಧಾನ) 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಮ್ಯಾಪ್ ಫೈಲ್ ಅದಕ್ಕಿಂತ ದೊಡ್ಡದಿದ್ದರೆ ಎಕ್ಸ್‌ಫ್ಯಾಟ್ ಥರದ ಬೇರೆ ಫಾರ್ಮ್ಯಾಟ್ ಬೇಕು. ಆದರೆ ಎಷ್ಟೋ ಹಳೇ ಸಿಸ್ಟಮ್‌ಗಳು ಎಕ್ಸ್‌ಫ್ಯಾಟ್ ಓದುವುದೇ ಇಲ್ಲ! ಕೆಲವು ಕಡೆ ಈ ತಾಪತ್ರಯ ತಪ್ಪಿಸೋಕೆ ಫೈಲನ್ನೇ ತುಂಡು ಮಾಡಿ ಕೊಟ್ಟಿರುತ್ತಾರೆ. ಅಂಥ ತುಂಡುಗಳನ್ನು ಒಟ್ಟು ಸೇರಿಸಲು ಹೋಗದೆ, ಫೋಲ್ಡರ್ ಹೆಸರೂ ಬದಲಾಯಿಸದೆ ಹಾಗೇ ಕಾಪಿ ಮಾಡಬೇಕು. ಎಸ್‌ಡಿ ಕಾರ್ಡ್ ಇರುವ ಕಾರುಗಳಲ್ಲಿ ಕಥೆ ಬೇರೆ. ಕಾರ್ಡ್‌ನ ಗುರುತಿನ ಸಂಖ್ಯೆಗೋ ಗಾಡಿಯ ಚಾಸಿಸ್ ನಂಬರ್‌ಗೋ ಮ್ಯಾಪನ್ನು ಕಟ್ಟಿಹಾಕಿರುವುದುಂಟು. ಆಗ ಸುಮ್ನೆ ಬೇರೆ ಕಾರ್ಡ್‌ಗೆ ಕಾಪಿ ಹಾಕಿದರೆ ನಡೆಯುವುದಿಲ್ಲ.

ಅಪ್‌ಡೇಟ್ ಅರ್ಧದಲ್ಲಿ ಕರೆಂಟ್ ಹೋಗಬಾರದು, ಬ್ಯಾಟರಿಯೂ ಇಳಿಯಬಾರದು. ನಾನು ಎಂಜಿನ್ ಚಾಲೂ ಇಟ್ಟು ಬಯಲಲ್ಲಿ ನಿಲ್ಲಿಸಿಕೊಂಡೆ. ಮುಚ್ಚಿದ ಗ್ಯಾರೇಜ್‌ನಲ್ಲಿ ಈ ಕೆಲಸ ಬೇಡವೇ ಬೇಡ, ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಕುತ್ತು. ಮಧ್ಯದಲ್ಲಿ ಶೇಕಡಾ ಸಂಖ್ಯೆ ಅಲ್ಲಾಡದೆ ನಿಂತುಬಿಟ್ಟಿತು. ಕೈ ತುರಿಸಿದರೂ ಯಾವ ಬಟನ್ನೂ ಮುಟ್ಟಲಿಲ್ಲ. ದೊಡ್ಡ ಫೈಲ್ ಬರೆಯುವಾಗ ಹಾಗಾಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಓಡಿತು.

ಬೈಪಾಸ್ ಬಂತು. ಅದರ ತುದಿಯ ಹೊಸ ಸರ್ಕಲ್ ಬರಲಿಲ್ಲ. ಮ್ಯಾಪ್ ಮಾಡುವ ಕಂಪನಿಗೇ ಆನ್‌ಲೈನ್‌ನಲ್ಲಿ ತಿಳಿಸಿದ್ದೇನೆ, ಮುಂದಿನ ಸಲ ಬಂದರೂ ಬರಬಹುದು. ಅಂದಹಾಗೆ, ಜಿಪಿಎಸ್ ದಿನಾಂಕಕ್ಕಾಗಿ ವಾರಗಳನ್ನು ಎಣಿಸುತ್ತದೆ, 2019ರ ಏಪ್ರಿಲ್‌ನಲ್ಲಿ ಆ ಎಣಿಕೆ 1023 ದಾಟಿ ಮತ್ತೆ ಸೊನ್ನೆಗೆ ತಿರುಗಿತು. ಅಂಥದ್ದರಿಂದ ದಿನಾಂಕ ಕೆಟ್ಟಿರುವ ಹಳೇ ಸಿಸ್ಟಮ್‌ಗೆ ಮ್ಯಾಪ್ ಒಂದೇ ಹಾಕಿದರೆ ಉಪಯೋಗವಿಲ್ಲ. ಅದಕ್ಕೆ ಸಾಫ್ಟ್‌ವೇರೇ ಬದಲಾಗಬೇಕು.

ವೇಗದ ಮಿತಿ ತೋರಿಸುವ ಚಿಹ್ನೆಯನ್ನು ಮಾತ್ರ ನಾನು ಈಗಲೂ ನಂಬುವುದಿಲ್ಲ. ಅದೂ ಎಷ್ಟೋ ಕಾರುಗಳಲ್ಲಿ ಮ್ಯಾಪ್‌ನಿಂದಲೇ ಬರುವುದು. ಮ್ಯಾಪ್ ಹಳೆಯದಾದರೆ ಅದೂ ಹಳೆಯದೇ ಅಲ್ವಾ? ರಸ್ತೆ ಬದಿಯ ಬೋರ್ಡೇ ಸರಿ.

ಈಗ ದಾರಿ ಹುಡುಕೋಕೆ, ಟ್ರಾಫಿಕ್ ನೋಡೋಕೆ ಫೋನ್. ಸುರಂಗದೊಳಗೆ ಮಾತ್ರ ಕಾರಿನದ್ದೇ ಜಾಸ್ತಿ ವಾಸಿ. ಉಪಗ್ರಹದ ಸಿಗ್ನಲ್ ಸಿಗದಿದ್ದರೂ ಚಕ್ರದ ವೇಗ, ತಿರುವು ಗುರುತಿಸುವ ಗೈರೋ ಸೆನ್ಸರ್ ಲೆಕ್ಕದಲ್ಲಿ ಬಾಣ ಮುಂದೆ ಹೋಗುತ್ತಲೇ ಇರುತ್ತದೆ. ಒಳಗೇ ಕವಲು ಒಡೆಯುವ ಸುರಂಗಗಳಲ್ಲಿ ನಾನು ಫೋನ್ ಕಡೆ ನೋಡುವುದೇ ಇಲ್ಲ.